ಅಂಗಡಿಯಲ್ಲಿ ಸಿಗದ ತೋಟೆಗೆ ನನ್ನ ಕೋವಿ ಕೊರೆದ ಬಗ್ಗೆ ದೂರು

ಮ್ಯಾನೇಜರ್ ಅವರಿಗೆ,
ಕೋವಿ ರಿಪೇರಿ ವಿಭಾಗ

ನಮಸ್ಕಾರ.

11 ಸಲ ಫೋನ್ ಮಾಡಿದ್ದೇನೆ. ಪ್ರತಿ ಸಲವೂ "ಸಾರ್, ಲೈನಲ್ಲಿರಿ" ಅಂದರು. ನಾನು ಇದ್ದೆ, ನೀವು ಇರಲಿಲ್ಲ. ಹಾಗಾಗಿ ಈ ಪತ್ರ. ಸಮಾಧಾನದಿಂದಲೇ ಬರೆಯಬೇಕು ಅಂತ ಕೂತಿದ್ದೇನೆ.

ನಿಮ್ಮಲ್ಲಿರುವುದು ನನ್ನ ಅಜ್ಜನ ಮೌಸರ್ ರೈಫಲ್. 7×57 ತೋಟೆಯದ್ದು, ಅಂದರೆ 7 ಮಿಮೀ ಗುಂಡು, 57 ಮಿಮೀ ಉದ್ದದ ಕೇಸು (ಮದ್ದು ತುಂಬುವ ಲೋಹದ ಕೊಳವೆ), ಇಂಗ್ಲಿಷರು .275 ಅನ್ನುತ್ತಿದ್ದದ್ದು. ಅಜ್ಜ ಲೈಸನ್ಸ್ ಮಾಡಿಸಿದಾಗ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡದಲ್ಲಿತ್ತು, ಕಾಗದಪತ್ರಕ್ಕೆ ಮಂಗಳೂರಿಗೆ ಹೋಗುತ್ತಿದ್ದರಂತೆ. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಈಗ ವಿದ್ಯಾನಗರದ ಕಲೆಕ್ಟರೇಟಿಗೆ ಅಲೆಯುತ್ತೇವೆ. ಅಷ್ಟೇ ವ್ಯತ್ಯಾಸ. ನಳಿಗೆಯ ಒಳಗೆರೆ, ಅಂದರೆ ಗುಂಡನ್ನು ತಿರುಗಿಸುವ ಗೀರು, ಪೂರ್ತಿ ಸವೆದಿದೆ. ಅದರ ತೋಟೆ ಎಲ್ಲಿ ಕೇಳಿದರೂ ಇಲ್ಲ. ಪೆರ್ಲದ ಹತ್ತಿರ ನಮ್ಮ ತೋಟ. ಮರಗೆಣಸು ನೆಟ್ಟರೆ ಬುಡ ಸಮೇತ ಹಂದಿಗೆ. 2022ರಿಂದ ಕೇರಳದಲ್ಲಿ ಬೆಳೆ ಹಾಳು ಮಾಡುವ ಹಂದಿಗೆ ಈಡು ಬಿಡಲು ಪಂಚಾಯತ್ ಅಧ್ಯಕ್ಷರೇ ಅನುಮತಿ ಕೊಡಬಹುದು. ಅನುಮತಿ ಸಿಗುತ್ತದೆ, ಕೋವಿ ಮಾತ್ರ ಇಲ್ಲ ಎಂಬ ಸ್ಥಿತಿ ನನ್ನದು.

"ನಿಮಗೆ ಬೇಕಾದ ತೋಟೆ ನೀವೇ ಆರಿಸಿ, ನಳಿಗೆ ನಾವು ಕೂರಿಸುತ್ತೇವೆ" ಅಂತ ನಿಮ್ಮ ಬೋರ್ಡಿನಲ್ಲೇ ಇದೆ. ನಾನು ಆರಿಸಿದೆ. ಸುಮ್ನೆ ಅಲ್ಲ, ಒಂದು ತಿಂಗಳು ಕೂತು ಲೆಕ್ಕ ಹಾಕಿ. ನಮ್ಮ ದೇಶದಲ್ಲೇ ತಯಾರಾಗುವ .315 ತೋಟೆ ಸುಲಭಕ್ಕೆ ಸಿಗುತ್ತದೆ. ಆದರೆ ಅದರ ಬುಡದಲ್ಲಿ ಹೊರಗೆ ಚಾಚಿದ ಅಂಚು ಇದೆ, 14 ಮಿಮೀ ಅಗಲ. ಮೌಸರ್ ಬೋಲ್ಟಿಗೆ, ಅಂದರೆ ತೋಟೆಯನ್ನು ಒಳಗೆ ತಳ್ಳಿ ಹಿಡಿಯುವ ಭಾಗಕ್ಕೆ, ಅದು ಒಗ್ಗುವುದಿಲ್ಲ. ಅಮೆರಿಕದ .30-06 ತೋಟೆಯ ಬುಡ 12 ಮಿಮೀ, 7×57ರದ್ದೂ ಅಷ್ಟೇ. ಬೋಲ್ಟ್ ಮುಟ್ಟಬೇಕಾಗಿಲ್ಲ, ತೋಟೆಯೂ ಅಂಗಡಿಯಲ್ಲಿ ಸಿಗುತ್ತದೆ. ಹಾಗಾಗಿ ಅದನ್ನೇ ಆರಿಸಿದೆ. ನನಗಿದ್ದ ಸಂಶಯ ಒಂದೇ. .30-06 ಪೂರ್ತಿ ಉದ್ದ 84.8 ಮಿಮೀವರೆಗೂ ಬರಬಹುದು. ನನ್ನ ಮ್ಯಾಗಜಿನ್ (ಕೋವಿಯಲ್ಲಿ ತೋಟೆ ತುಂಬುವ ಪೆಟ್ಟಿಗೆ) ಒಳಗೆ 84ರ ಆಸುಪಾಸು. ಪೆರ್ಲದ ವರ್ಕ್‌ಶಾಪಿನವರ ವರ್ನಿಯರ್ ತಂದು ಮೂರು ಸಲ ಅಳೆದಿದ್ದೇನೆ. ಇದಕ್ಕೆ ಏನು ಮಾಡುತ್ತೀರಿ ಅಂತ ಬರೆದು ಕೊಟ್ಟಿದ್ದೆ. ಇವತ್ತಿನವರೆಗೆ ಉತ್ತರ ಇಲ್ಲ.

ನಿಮ್ಮ ರಸೀದಿಯಲ್ಲಿ ".30-06" ಅಂತ ಸ್ಪಷ್ಟವಾಗಿದೆ. 25,000 ರೂಪಾಯಿ ಮುಂಗಡ ಕೊಟ್ಟಿದ್ದೇನೆ. ಲೈಸನ್ಸಿನಲ್ಲಿ ಬೋರು, ಅಂದರೆ ತೋಟೆಯ ಅಳತೆ, ಬದಲಾಯಿಸಲು ಐದು ತಿಂಗಳು ಹೋಯಿತು. ನನ್ನ ಲೈಸನ್ಸ್ ಕೇರಳಕ್ಕೆ ಮಾತ್ರ ಇದ್ದದ್ದರಿಂದ ಕೋವಿಯನ್ನು ಅಡ್ಕಸ್ಥಳದ ಗಡಿ ದಾಟಿಸಿ ನಿಮ್ಮ ಊರಿಗೆ ತರಲಿಕ್ಕೂ ಬೇರೆ ಅನುಮತಿ. ಇದೆಲ್ಲ ನಿಮಗೆ ಹೊಸತಲ್ಲ, ದಿನಾ ಮಾಡುವ ಕೆಲಸ.

ಕಳೆದ ಗುರುವಾರ "ರೆಡಿ ಆಗಿದೆ" ಎಂದು ಕರೆ ಬಂತು. ಬೆಳಿಗ್ಗೆ 7 ಗಂಟೆಯ ಬಸ್ಸು ಹಿಡಿದು ಬಂದೆ. ಕೌಂಟರಿನಲ್ಲಿ ಒಬ್ಬ ಹುಡುಗ. ಕಿವಿಗೆ ಇಯರ್‌ಫೋನು. ನನ್ನ ಹಿಂದೆ ಇಬ್ಬರು ಗಿರಾಕಿಗಳು, ಒಬ್ಬರು ಏರ್‌ಗನ್ ನೋಡುತ್ತಿದ್ದರು. ಕೂರಲು ಒಂದೇ ಕುರ್ಚಿ, ಅದರ ಮೇಲೆ ರಟ್ಟಿನ ಪೆಟ್ಟಿಗೆ. ಫ್ಯಾನು ಹುಡುಗನ ಕಡೆಗೆ ಮಾತ್ರ ತಿರುಗಿತ್ತು.

ಕೋವಿ ತಂದಿಟ್ಟ. ಚೆನ್ನಾಗಿ ಹೊಳೆಯುತ್ತಿತ್ತು, ಸುಳ್ಳು ಹೇಳುವುದಿಲ್ಲ. ನಳಿಗೆಯ ಮೇಲೆ ಏನು ಕೊರೆದಿದ್ದೀರಿ ಅಂತ ಕನ್ನಡಕ ಹಾಕಿ ನೋಡಿದೆ. "7 ಮಿಮೀ ಸ್ಪೆಷಲ್."

"ಇದೇನಪ್ಪ?" ಅಂದೆ.

"ನಮ್ಮ ಡಿಸೈನ್, ಅಜ್ಜಾ. .30-06 ಕೇಸಿನ ಕುತ್ತಿಗೆ ಸಣ್ಣ ಮಾಡಿ 7 ಮಿಮೀ ಗುಂಡು. ಕುತ್ತಿಗೆಯ ಕೆಳಗಿನ ಇಳಿಜಾರು, ಭುಜ, 40 ಡಿಗ್ರಿ. ಇಡೀ ಊರಿನಲ್ಲಿ ಯಾರ ಹತ್ತಿರವೂ ಇಲ್ಲ."

"ನಾನು ಕೇಳಿದ್ದು .30-06."

"ಅದು ಹಳೆ ಕಾಲದ್ದು ಮಾರಾಯ್ರೇ. 1906ರದ್ದು." ಹಿಂದಿನವರ ಕಡೆ ನೋಡಿ ನಕ್ಕ. ಅವರೂ ನಕ್ಕರು.

"ಇದರ ತೋಟೆ ಎಲ್ಲಿ ಸಿಗ್ತದೆ?"

"ಸಿಗೋದಿಲ್ಲ. ನೀವೇ ತುಂಬಿಸ್ಕೊಳ್ಳಿ."

"ಮನೆಯಲ್ಲಿ?"

"ಮತ್ತೆ? ಅಡಿಕೆ ಸುಲಿದ ಹಾಗೆ." ಮತ್ತೆ ನಗು. "ಇಲ್ಲಾಂದ್ರೆ .30-06 ತೋಟೆಯೇ ಹಾಕಿ ನೋಡಿ. ಕೇಸು ಅದೇ ಅಲ್ವಾ? ಸ್ವಲ್ಪ ಒತ್ತಿದರೆ ಹೋಗ್ತದೆ."

ಮ್ಯಾನೇಜರೇ, ಈ ಮಾತು ಆಡಿದ್ದು ಕೋವಿ ಮಾರುವ ಲೈಸನ್ಸ್ ಇರುವ ಅಂಗಡಿಯ ಕೌಂಟರಿನಲ್ಲಿ. .30-06ರ ಗುಂಡು 7.8 ಮಿಮೀ. ನೀವು ಕೂರಿಸಿದ ನಳಿಗೆ 7.2 ಮಿಮೀ ಗುಂಡಿನದ್ದು. ಒತ್ತಿ ಹಾಕಿ ಈಡು ಬಿಟ್ಟರೆ ಹಂದಿಗೆ ಏನೂ ಆಗುವುದಿಲ್ಲ. ಆಗುವುದು ನನ್ನ ಮುಖಕ್ಕೆ. ನಾನು ಇದನ್ನೇ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗ ಏರ್‌ಗನ್ನಿನವರ ಕಡೆ ತಿರುಗಿ "ಸಾರ್, ನಿಮಗೆ?" ಅಂದ. ಅವರು ಸಾರ್, ನಾನು ಅಜ್ಜ. ಆಗಲಿ, ವಯಸ್ಸಾಗಿದೆ, ಒಪ್ಪುತ್ತೇನೆ.

ನಿಮ್ಮ ಸಂಶೋಧನೆಗೆ ಅಭಿನಂದನೆ. .30-06ರ ಕೇಸಿನಿಂದ 7 ಮಿಮೀ ತೋಟೆ ಮಾಡುವ ಕೆಲಸವನ್ನು ಅಮೆರಿಕದ ರೆಮಿಂಗ್ಟನ್ 1957ರಲ್ಲೇ ಮಾಡಿ .280 ಅಂತ ಹೆಸರಿಟ್ಟು ಮಾರಿತು. ಅದರ ಭುಜವನ್ನು 40 ಡಿಗ್ರಿ ಮಾಡಿದ್ದಕ್ಕೂ ಅಲ್ಲಿ ಆಕ್ಲಿ ಎಂಬವರ ಹೆಸರಿದೆ. ನಿಮ್ಮ ಸ್ಪೆಷಲ್‌ನಲ್ಲಿ ಹೊಸತು ಅಂದರೆ ನನ್ನ 25,000 ರೂಪಾಯಿ ಮಾತ್ರ.

ಇನ್ನು ನಿಯಮ. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ತೋಟೆ ತಯಾರಿಸಲು ಲೈಸನ್ಸ್ ಬೇಕು. ಅಡಿಕೆ ಸುಲಿಯಲು ಬೇಡ. ನನ್ನ ಲೈಸನ್ಸಿನಲ್ಲಿರುವುದು .30-06. ಈ "ಸ್ಪೆಷಲ್" ಹಿಡಿದು ಗಡಿಯಲ್ಲಿ ಪೊಲೀಸರ ಕೈಗೆ ಸಿಕ್ಕಿದರೆ ನಾನು ಏನು ಹೇಳಲಿ?

ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿದದ್ದು ಕೊನೆಗೆ. ಹಳೆಯ ನಳಿಗೆ ಎಲ್ಲಿ ಅಂತ ಕೇಳಿದೆ. "ಗುಜರಿಗೆ ಹಾಕಿದ್ವಿ" ಅಂದ. ಅದರ ಮೇಲೆ ನಂಬರ್ ಇತ್ತು. ಕೋವಿಯ ಭಾಗವೂ ಕಾಯ್ದೆಯ ಪ್ರಕಾರ ಆಯುಧವೇ ಅಂತ ನಿಮಗೆ ಹೇಳಿಕೊಡುವಷ್ಟು ದೊಡ್ಡವ ನಾನಲ್ಲ. ಅಜ್ಜನ ಕೈಯ ಬೆವರು ಕುಡಿದ ಉಕ್ಕು ಅದು. ಅದಕ್ಕೆ ಕಾಯ್ದೆಯಲ್ಲಿ ಕಲಂ ಇಲ್ಲ, ಬಿಡಿ.

ಇಷ್ಟಾದ ಮೇಲೂ ಬಾಕಿ 18,000 ಕಟ್ಟಿ ಅಂದರು. ಕೋವಿಯನ್ನು ಅಲ್ಲೇ ಬಿಟ್ಟು, ಒಪ್ಪಿಲ್ಲ ಅಂತ ರಸೀದಿಯ ಹಿಂದೆ ಬರೆದು ಬಂದಿದ್ದೇನೆ. ಅದರ ಫೋಟೋ ನನ್ನಲ್ಲಿದೆ.

ನಳಿಗೆ ಬದಲಾಯಿಸಿ .30-06 ಮಾಡಿಕೊಡಿ, ಹಳೆಯ ನಳಿಗೆ ಹುಡುಕಿ ಕೊಡಿ ಎಂದು ಕೇಳಬೇಕಿತ್ತು. ಈಗ ನಿಮ್ಮ ಕೈಯಲ್ಲಿ ಕೋವಿಯ ಕೆಲಸ ಮಾಡಿಸಲು ಧೈರ್ಯ ಇಲ್ಲ. 2019ರ ಗ್ರಾಹಕ ಕಾಯ್ದೆಯಂತೆ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನೀವು ಕಾಸರಗೋಡಿಗೆ ಬರಬೇಕಾಗುತ್ತದೆ. ನೋಟಿಸನ್ನು ಕನ್ನಡದಲ್ಲೇ ಕಳಿಸುತ್ತೇನೆ, ಹುಡುಗನಿಗೂ ಓದಲು ಅನುಕೂಲ. ಹಳೆ ನಳಿಗೆಯ ನಂಬರ್ ಬರೆದ ಇನ್ನೊಂದು ಪ್ರತಿ ನಿಮಗೆ ಲೈಸನ್ಸ್ ಕೊಟ್ಟ ಕಚೇರಿಗೆ ಸೋಮವಾರ ಸ್ಪೀಡ್ ಪೋಸ್ಟಿನಲ್ಲಿ ಹೋಗುತ್ತದೆ. ಗುಜರಿಯವನ ರಸೀದಿ ಹುಡುಕಿ ಇಟ್ಟುಕೊಂಡಿರಿ. ಮೊದಲು ಕೇಳುವುದು ಅದನ್ನೇ.

ಇತಿ,
ರಸೀದಿಯಲ್ಲಿ ಹೆಸರಿದೆ, ಅದೇ ಅಜ್ಜ
ಪೆರ್ಲ, ಕಾಸರಗೋಡು ಜಿಲ್ಲೆ