ನಮ್ಮ ಓಣಿ ರಾಜಾಸೀಟ್‌ಗೆ ಶಾರ್ಟ್‌ಕಟ್ ಅಲ್ಲ, ನಿಮ್ಮ ಮ್ಯಾಪಿಂದ ತೆಗೀರಿ

ಮ್ಯಾಪ್ ಆ್ಯಪ್ ಕಂಪನಿಯ ಕಸ್ಟಮರ್ ಕೇರ್‌ನವರಿಗೆ,

ವಿಷಯ: ಮಡಿಕೇರಿಯ ನಮ್ಮ ಮನೆಗಳ ಓಣಿಯನ್ನ ದೊಡ್ಡ ರೋಡ್ ತರ ತೋರಿಸಿ ಟೂರಿಸ್ಟ್ ಗಾಡಿಗಳನ್ನ ಒಳಗೆ ಕಳಿಸ್ತಿರೋ ಬಗ್ಗೆ ದೂರು

ಸ್ವಾಮಿ, ನಿಮ್ಮ ಆ್ಯಪ್‌ನಲ್ಲಿ ತಪ್ಪು ತಿದ್ದೋಕೆ ಅಂತ ಒಂದು ಬಟನ್ ಇದೆಯಲ್ಲ, ಅದನ್ನ ನಮ್ಮ ಓಣಿಯ ಎಲ್ಲಾ ಮನೆಯವರೂ ಒತ್ತಿ ಒತ್ತಿ ಸುಸ್ತಾಗಿದ್ದೀವಿ. ಒತ್ತಿದ ತಕ್ಷಣ ಥ್ಯಾಂಕ್ಸ್, ಪರಿಶೀಲಿಸ್ತೀವಿ ಅಂತ ಮೆಸೇಜ್ ಬರುತ್ತೆ, ಸ್ವಲ್ಪ ದಿನ ಬಿಟ್ಟು ನಿಮ್ಮ ಬದಲಾವಣೆ ಒಪ್ಪಿಲ್ಲ ಅಂತ ಇನ್ನೊಂದು ಬರುತ್ತೆ, ಯಾಕೆ ಒಪ್ಪಿಲ್ಲ ಅಂತ ಕೇಳೋಕೆ ಒಂದು ಫೋನ್ ನಂಬರ್ ಇಲ್ಲ, ಆಫೀಸ್ ಇಲ್ಲ, ಮನುಷ್ಯ ಇಲ್ಲ. ಅದಕ್ಕೇ ಈ ಪತ್ರ, ಯಾರಾದ್ರೂ ಒಬ್ರು ಕಣ್ಣಿಟ್ಟು ಓದ್ತಾರೆ ಅಂದ್ಕೊಂಡು ಬರೀತಿದ್ದೀನಿ.

ಶನಿವಾರ ಬಂತು ಅಂದ್ರೆ ಮೈಸೂರು ಕಡೆಯಿಂದ ಬರೋ ಗಾಡಿಗಳೆಲ್ಲ ಜನರಲ್ ತಿಮ್ಮಯ್ಯ ಸರ್ಕಲ್ ದಾಟಿ ಊರೊಳಗೆ ಬರ್ತಾವೆ, ಎಲ್ಲರಿಗೂ ಸಂಜೆ ಸೂರ್ಯ ಮುಳುಗೋದ್ರೊಳಗೆ ರಾಜಾಸೀಟ್ ತಲುಪಬೇಕು. ಕೊಡಗಿಗೆ ರೈಲಿಲ್ಲ, ವಿಮಾನ ಇಲ್ಲ, ಬರೋರೆಲ್ಲ ರೋಡಲ್ಲೇ ಬರಬೇಕು, ಅದೂ ಲಾಂಗ್ ವೀಕೆಂಡ್ ಆದ್ರೆ ಕೇಳೋದೇ ಬೇಡ. ಮೇನ್ ರೋಡ್ ಜಾಮ್ ಆಗುತ್ತೆ, ನಿಮ್ಮ ಆ್ಯಪ್‌ನಲ್ಲಿ ಅದು ಕೆಂಪಾಗುತ್ತೆ, ಆಗ ನಿಮಗೆ ನಮ್ಮ ಓಣಿ ನೆನಪಾಗುತ್ತೆ. ಇಲ್ಲಿ ತಿರುಗಿ, ಬೇಗ ಹೋಗ್ತೀರಿ ಅಂತ ಹೇಳ್ತೀರಿ, ಅವರೂ ಪಾಪ ತಿರುಗ್ತಾರೆ.

ಈ ಓಣಿ ಎಂಥದ್ದು ಅಂತ ನಿಮಗೆ ಗೊತ್ತಿಲ್ಲ ಅಂತ ಕಾಣುತ್ತೆ, ಹೇಳ್ತೀನಿ ಕೇಳಿ. ಒಂದು ಕಾರು ಹೋಗ್ತಿದ್ರೆ ಎದುರು ಬರೋ ಮನುಷ್ಯ ಗೋಡೆಗೆ ಬೆನ್ನು ಅಂಟಿಸಿ ಹೊಟ್ಟೆ ಒಳಗೆ ಎಳ್ಕೊಂಡು ನಿಲ್ಬೇಕು. ಒಂದು ಕಡೆ ಮನೆಗಳ ಗೇಟು, ಇನ್ನೊಂದು ಕಡೆ ಬರೆ, ಅಂದ್ರೆ ಗುಡ್ಡದ ಕಡಿದಾದ ಮಣ್ಣಿನ ಬದಿ, ಮಧ್ಯದಲ್ಲಿ ಎರಡು ತಿರುವು, ಕಾಂಕ್ರೀಟ್ ಹಾಕಿರೋ ಏರು. ಆ ಏರು ಹತ್ತಿ ಮೇಲೆ ಬಂದ್ರೆ ಏನಿದೆ ಅಂದ್ಕೊಂಡ್ರಿ? ಮೆಟ್ಟಿಲು. ನಾವು ಮೇಲಿನ ರೋಡಿಗೆ ನಡ್ಕೊಂಡು ಹೋಗೋಕೆ ಅಂತ ಇರೋ ಮೆಟ್ಟಿಲು, ಪಕ್ಕದಲ್ಲಿ ಹಿಡ್ಕೊಳ್ಳೋಕೆ ಕಬ್ಬಿಣದ ಪೈಪ್. ಮೇಲಿಂದ ತೆಗೆದ ಫೋಟೋದಲ್ಲಿ ಅದೂ ಬೂದು ಬಣ್ಣದ ಪಟ್ಟಿ ತರ ಕಾಣುತ್ತೆ, ಅದನ್ನ ನೋಡಿ ಯಾರೋ ಒಬ್ರು ಎಲ್ಲೋ ಕೂತು ಗೆರೆ ಎಳೆದು ಎರಡೂ ರೋಡ್ ಜೋಡಿಸಿಬಿಟ್ಟಿದ್ದಾರೆ ಅನ್ಸುತ್ತೆ. ಮೆಟ್ಟಿಲ ಮೇಲೆ ಕಾರು ಹತ್ತಲ್ಲ ಸ್ವಾಮಿ.

ಮೆಟ್ಟಿಲ ಹತ್ರ ಬಂದವನಿಗೆ ಆಗ ಗೊತ್ತಾಗುತ್ತೆ ಮುಂದೆ ದಾರಿ ಇಲ್ಲ ಅಂತ. ತಿರುಗಿಸೋಕೆ ಜಾಗ ಇಲ್ಲ, ಹಿಂದೆ ನೋಡಿದ್ರೆ ನಿಮ್ಮ ಮಾತು ನಂಬಿ ಇನ್ನೂ ಗಾಡಿ ಬಂದು ನಿಂತಿವೆ, ಒಬ್ಬೊಬ್ರೇ ಆ ಇಳಿಜಾರಲ್ಲಿ ರಿವರ್ಸ್ ಹೋಗಬೇಕು. ಬಾಡಿಗೆಗೆ ತಂದ ಗಾಡಿ, ಬಯಲುಸೀಮೆಯಲ್ಲಿ ಓಡಿಸಿ ಅಭ್ಯಾಸ ಆದ ಹುಡುಗ, ಕ್ಲಚ್ ಸುಟ್ಟ ವಾಸನೆ ನಮ್ಮ ಅಡುಗೆಮನೆವರೆಗೂ ಬರುತ್ತೆ. ಒಳಗಿದ್ದ ಹೆಂಗಸರು ಮಕ್ಕಳು ಹೆದರಿ ಇಳಿದು ಮಳೇಲಿ ನೆನೀತಾ ನಿಲ್ತಾರೆ, ಪಕ್ಕದ ಮನೆ ಅಜ್ಜಿ ಕೊಡೆ ಹಿಡ್ಕೊಂಡು ಬಂದು ತಮ್ಮ ಗೇಟ್ ತೆಗೆದುಕೊಡ್ತಾರೆ, ಅಂಗಳದೊಳಗೆ ಮೂತಿ ತೂರಿಸಿ ತಿರುಗಿಸ್ಕೊಳ್ಳಿ ಅಂತ. ಹೀಗೆ ತಿರುಗಿಸಿ ತಿರುಗಿಸಿ ಅವರ ಗೇಟಿನ ಮುಂದೆ ಚರಂಡಿ ಮೇಲಿದ್ದ ಸ್ಲ್ಯಾಬ್ ಮುರಿದು ಒಳಗೆ ಬಿದ್ದಿದೆ, ಚರಂಡಿ ಕಟ್ಟಿಕೊಂಡು ಈಗ ನೀರೆಲ್ಲ ಅವರ ಅಂಗಳಕ್ಕೇ ನುಗ್ಗುತ್ತೆ. ಅದರ ಖರ್ಚು ಯಾರು ಕೊಡ್ತಾರೆ, ನೀವು ಕೊಡ್ತೀರಾ? ಬಂದವರು ಸಾರಿ ಆಂಟಿ ಅಂತ ಹೇಳಿ ಹೋಗ್ತಾರೆ, ಅವರ ಮೇಲೆ ಕೋಪ ಮಾಡ್ಕೊಂಡು ಪ್ರಯೋಜನ ಇಲ್ಲ.

ಏರು ರೋಡಲ್ಲಿ ಹತ್ತೋ ಗಾಡಿಗೆ ಇಳಿಯೋನು ಜಾಗ ಬಿಡಬೇಕು ಅನ್ನೋದು ನಮ್ಮಲ್ಲಿ ಜೀಪ್ ಓಡಿಸೋ ಹುಡುಗರಿಗೆಲ್ಲ ಗೊತ್ತು, ಕಾನೂನಲ್ಲೂ ಇದೆ. ಆದ್ರೆ ಇಲ್ಲಿ ಮೇಲಿರೋನಿಗೆ ಇಳಿಯೋದು ಬಿಟ್ಟು ಬೇರೆ ದಾರಿ ಇಲ್ಲ, ಕೆಳಗಿಂದ ಹತ್ತಿ ಬರ್ತಿರೋನು ನನ್ನ ಫೋನ್ ಸ್ಟ್ರೈಟ್ ಅಂತಿದೆ ಅಂತಾನೆ. ಕೊನೆಗೆ ಟ್ರಾಫಿಕ್ ಪೊಲೀಸ್ ಕೆಲಸ ನಮ್ಮ ಓಣಿಯ ರಿಟೈರ್ಡ್ ಮೇಷ್ಟ್ರದ್ದು, ಶನಿವಾರ ಸಂಜೆ ಕಾಫಿ ಕುಡಿಯೋಕೂ ಅವರಿಗೆ ಪುರುಸೊತ್ತಿಲ್ಲ.

ಓಣಿ ಬಾಯಲ್ಲಿ ‘ಮುಂದೆ ರಸ್ತೆ ಇಲ್ಲ’ ಅಂತ ಬೋರ್ಡ್ ಹಾಕಿಸಿದ್ವಿ, ಕನ್ನಡದಲ್ಲೂ ಇಂಗ್ಲಿಷಲ್ಲೂ. ಬೋರ್ಡ್ ಯಾರು ನೋಡ್ತಾರೆ, ಎಲ್ಲರ ಕಣ್ಣು ಫೋನ್ ಮೇಲೆ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ನಮ್ಮ ಓಣಿ ಹುಡುಗ ಒಬ್ಬ ನಿಮ್ಮ ಲೆಕ್ಕ ಹೇಗೆ ಅಂತ ಬಿಡಿಸಿ ಹೇಳಿದ. ರೋಡಲ್ಲಿ ಹೋಗೋರ ಫೋನ್ ಎಷ್ಟು ಸ್ಪೀಡಲ್ಲಿದೆ ಅಂತ ನೋಡಿ ನೀವು ಹಸಿರು ಕೆಂಪು ಬಣ್ಣ ಹಾಕ್ತೀರಂತೆ. ನಮ್ಮ ಓಣಿ ಖಾಲಿ ಇರುತ್ತೆ, ನಾವು ಸ್ಕೂಟರಲ್ಲಿ ಸರ್ ಅಂತ ಹೋಗ್ತೀವಿ, ಹಾಗಾಗಿ ಹಸಿರು. ಹಸಿರು ಅಂತ ನೀವು ಕಾರು ಕಳಿಸ್ತೀರಿ, ಅವು ಸಿಕ್ಕಿ ಹಾಕ್ಕೊಂಡ ಮೇಲೆ ಕೆಂಪು, ಆಗ ಕಳಿಸೋದು ನಿಲ್ಲಿಸ್ತೀರಿ, ಕಷ್ಟಪಟ್ಟು ಎಲ್ಲಾ ಗಾಡಿ ಹೊರಗೆ ಕಳಿಸಿ ನಾವು ಉಸಿರು ಬಿಡೋ ಹೊತ್ತಿಗೆ ಮತ್ತೆ ಹಸಿರು. ಮೇಷ್ಟ್ರು ಓಣಿ ಕ್ಲಿಯರ್ ಮಾಡಿದಷ್ಟೂ ನೀವು ಹೊಸ ಗಾಡಿ ತುಂಬ್ತೀರಿ ಅಂತ ಆಯ್ತಲ್ಲ.

ಇಷ್ಟೇ ಆಗಿದ್ರೆ ಗೊಣಗಿಕೊಂಡು ಸುಮ್ನಿರ್ತಿದ್ವೇನೋ. ಕಳೆದ ಮಳೆಗಾಲದಲ್ಲಿ ಮೇಲಿನ ಮನೆಯವರಿಗೆ ರಾತ್ರಿ ಉಸಿರಾಟದ ತೊಂದರೆ ಆಯ್ತು, 108 ಆಂಬ್ಯುಲೆನ್ಸ್ ಬೇಗಾನೇ ಬಂತು, ಆದ್ರೆ ಓಣಿ ಬಾಯಲ್ಲೇ ನಿಲ್ಬೇಕಾಯ್ತು, ಯಾಕಂದ್ರೆ ಒಳಗೆ ಒಂದು ಟೆಂಪೋ ಟ್ರಾವೆಲರ್ ತಿರುವಲ್ಲಿ ಸಿಕ್ಕಿ ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸಿ ನಾಲ್ಕು ಜನ ಹೊತ್ಕೊಂಡು ಟೆಂಪೋ ಪಕ್ಕದಲ್ಲಿ ಓರೆ ಓರೆಯಾಗಿ ಇಳಿಸಿದ್ರು, ಆ ಟೆಂಪೋದವರೇ ಇಬ್ರು ಇಳಿದು ಬಂದು ಕೈ ಕೊಟ್ರು ಅನ್ನೋದನ್ನೂ ಹೇಳ್ಬೇಕು. ದೇವರ ದಯೆ, ಅವರು ಹುಷಾರಾದ್ರು.

ಮತ್ತೆ ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಸುರಿಯುತ್ತೆ, ಕಕ್ಕಡ ತಿಂಗಳಲ್ಲಿ, ಅಂದ್ರೆ ಜುಲೈ ಆಗಸ್ಟ್ ಹೊತ್ತಲ್ಲಿ, ಮಂಜು ಬಿದ್ರೆ ಎದುರು ಮನೆ ಲೈಟೂ ಕಾಣಲ್ಲ. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳೇ ಜಾರಿದ್ದು ಬಿಡಿ, ಪೇಟೆಯೊಳಗೆ ಇಂದಿರಾನಗರ, ಚಾಮುಂಡೇಶ್ವರಿ ನಗರದಲ್ಲಿ ಮನೆಗಳು ಹೋದವು. ಆವತ್ತಿಂದ ಬರೆ ಕೆಳಗೆ ಇರೋರಿಗೆ ಜೋರು ಮಳೆ ಬಂದ ರಾತ್ರಿ ನಿದ್ದೆ ಇಲ್ಲ. ಮಳೆಗಾಲ ಶುರುವಾದ್ರೆ ಜಿಲ್ಲಾಡಳಿತ ಭಾರಿ ಗಾಡಿ ಓಡಾಡೋ ಹಾಗಿಲ್ಲ ಅಂತ ಆದೇಶ ಹೊರಡಿಸುತ್ತೆ, ರೋಡ್ ಉಳಿಸ್ಕೊಳ್ಳೋಕೆ. ನೀವು ನೋಡಿದ್ರೆ ನೀರು ಕುಡಿದು ಮೆತ್ತಗಾಗಿರೋ ಮಣ್ಣಿನ ಪಕ್ಕದಲ್ಲಿ ಗಾಡಿಗಳನ್ನ ಸಾಲಾಗಿ ನಿಲ್ಲಿಸಿ ಇಂಜಿನ್ ಗುರುಗುಟ್ಟಿಸ್ತೀರಿ. ನಮ್ಮ ಬರೆಯ ತಡೆಗೋಡೆಯಲ್ಲಿ ಈಗಾಗ್ಲೇ ಬಿರುಕು ಕಾಣಿಸ್ಕೊಂಡಿದೆ, ಗಾಡಿಯಿಂದಾನೇ ಆಗಿದ್ದು ಅಂತ ನಾನು ಹೇಳ್ತಿಲ್ಲ, ಆದ್ರೆ ಅದರ ಕೆಳಗೆ ಜಾಮ್ ಆಗಬಾರದು ಅನ್ನೋಕೆ ಇಂಜಿನಿಯರ್ ಆಗಬೇಕಾಗಿಲ್ಲ.

ಟೂರಿಸ್ಟ್‌ಗಳು ಬರಬಾರದು ಅನ್ನೋರಲ್ಲ ನಾವು. ಓಣಿಯಲ್ಲಿ ಅರ್ಧ ಮನೆಗಳಿಗೆ ಅವರಿಂದಾನೇ ಅನ್ನ, ಒಬ್ರದ್ದು ಜೇನು ಕಾಫಿಪುಡಿ ಅಂಗಡಿ, ಒಬ್ರು ಮಾಂದಲ್‌ಪಟ್ಟಿಗೆ ಜೀಪ್ ಓಡಿಸ್ತಾರೆ, ಹಂಚಿನ ಮನೆಗಳಿದ್ದ ಜಾಗದಲ್ಲಿ ಹೋಂಸ್ಟೇ ಎದ್ದಿವೆ, ಬೆಳಗಿನ ಜಾವ ಜೀಪ್ ಶಬ್ದ, ರಾತ್ರಿ ಕ್ಯಾಂಪ್‌ಫೈರ್ ಹಾಡು, ಖಾಲಿ ಬಾಟ್ಲಿ. ಅದರ ಬಗ್ಗೆ ನಮ್ಮಲ್ಲಿ ಜಗಳ ಇದೆ, ಇಲ್ಲ ಅಂತಲ್ಲ, ಆದ್ರೆ ಮುಖ ನೋಡಿ ಆಡೋ ಜಗಳ, ಹೋಂಸ್ಟೇಯವರ ಗೇಟ್ ತಟ್ಟಿ ಸೌಂಡ್ ಕಮ್ಮಿ ಮಾಡಯ್ಯಾ ಅಂದ್ರೆ ಮಾಡ್ತಾರೆ. ನಿಮ್ಮ ಗೇಟ್ ಎಲ್ಲಿದೆ ಹೇಳಿ, ತಟ್ಟೋಕೆ?

ನಮಗೆ ಬೇಕಾಗಿರೋದು ಇಷ್ಟು. ಆ ಮೆಟ್ಟಿಲನ್ನ ನಡೆಯೋರ ದಾರಿ ಅಂತ ಮಾರ್ಕ್ ಮಾಡಿ, ಓಣಿ ಅಲ್ಲಿಗೆ ಮುಗಿಯುತ್ತೆ ಅಂತ ತೋರಿಸಿ, ಓಣಿಯೊಳಗಿನ ಮನೆಗೆ ಅಂತ ಬರೋರಿಗೆ ಬಿಟ್ಟು ಬೇರೆ ಯಾರಿಗೂ ಈ ದಾರಿ ಹೇಳಬೇಡಿ. ಹಾಗಂತ ನಮ್ಮ ಓಣಿ ತೆಗೆದು ಪಕ್ಕದ ಓಣಿಗೆ ಕಳಿಸಿಬಿಟ್ಟೀರಾ ಮತ್ತೆ, ಅದು ಇನ್ನೂ ಕಡಿದು, ಅಲ್ಲಿ ಅಂಗನವಾಡಿ ಬೇರೆ ಇದೆ. ಅವರು ನಮ್ಮ ಮೇಲೆ ಜಗಳಕ್ಕೆ ಬರ್ತಾರೆ. ಮೇನ್ ರೋಡ್ ಜಾಮ್ ಆಗಿದ್ರೆ ಜಾಮ್ ಇದೆ ಕಾಯಿರಿ ಅಂತಾನೇ ಹೇಳಿ, ರಜಾ ಮೇಲೆ ಬಂದೋರು ಹತ್ತು ನಿಮಿಷ ಕಾದ್ರೆ ಏನೂ ಆಗಲ್ಲ. ಇದನ್ನ ದಸರಾಕ್ಕೆ ಮುಂಚೆ ಮಾಡಿ. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ದಶಮಂಟಪ ಮೆರವಣಿಗೆ ಹೊರಟಾಗ ಪೇಟೆಯ ರೋಡ್ ತುಂಬಾ ಜನ, ಗಾಡಿ ಬಿಡಲ್ಲ, ಆವತ್ತು ನಿಮ್ಮ ಆ್ಯಪ್ ಎಲ್ಲಾ ಕಾರುಗಳನ್ನ ಓಣಿಗಳಿಗೆ ತುಂಬಿದ್ರೆ ಬೆಳಗಿನವರೆಗೂ ನಾವು ಮನೆ ಬಿಟ್ಟು ಹೊರಗೆ ಬರೋಕಾಗಲ್ಲ.

ಮೆಟ್ಟಿಲಿನ ಫೋಟೋ, ಮುರಿದ ಸ್ಲ್ಯಾಬ್ ಫೋಟೋ, ಮತ್ತೆ ಒಂದು ವಿಡಿಯೋ ಜೊತೆಗೆ ಕಳಿಸಿದ್ದೀನಿ. ವಿಡಿಯೋದಲ್ಲಿ ಕಾರಿನ ಬಂಪರ್ ಮೊದಲನೇ ಮೆಟ್ಟಿಲಿಗೆ ತಾಗಿರೋವಾಗ ಒಳಗಿಂದ ‘ಸ್ಟ್ರೈಟ್ ಹೋಗಿ’ ಅಂತ ಹೇಳ್ತಿರೋದು ನಿಮ್ಮ ಆ್ಯಪೇ, ವಾಲ್ಯೂಮ್ ಜಾಸ್ತಿ ಇಟ್ಟು ಕೇಳಿ. ಉತ್ತರ ಬರೆಯೋದಾದ್ರೆ ಮನುಷ್ಯರೇ ಬರೀರಿ, ಮತ್ತೆ ಆ ಥ್ಯಾಂಕ್ಸ್ ಮೆಸೇಜ್ ಬೇಡ.

ಇತಿ,
ಓಣಿಯ ಎಲ್ಲಾ ಮನೆಯವರ ಪರವಾಗಿ,
ಮಡಿಕೇರಿ