ಮೊದಲು ತಾಳ, ಆಮೇಲೆ ಊರಿನ ಹೆಸರು

ಚಿರಂಜೀವಿ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ನಿನ್ನ ಪಟ್ಟಿ ತಲುಪಿತು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಊರುಗಳ ಹೆಸರಿರುವ ಫಂಕ್ (ಅಮೆರಿಕದ ಕಪ್ಪು ಜನರ ತಾಳಪ್ರಧಾನ ಕುಣಿತದ ಸಂಗೀತ) ಹಾಡುಗಳನ್ನೇ ಆರಿಸಿ, ಹಿಂದಿನ ಪರದೆಯ ಮೇಲೆ ಜಗತ್ತಿನ ಭೂಪಟ ತೋರಿಸುತ್ತಾ ಒಂದರ ಹಿಂದೊಂದು ನುಡಿಸುವ ಯೋಚನೆ ನಿಮ್ಮದು ಎಂದು ಓದಿ ಬಹಳ ಸಂತೋಷವಾಯಿತು. ಮನೆಯಲ್ಲಿ ನನ್ನ ನಂತರ ಬೇಸ್ ಗಿಟಾರ್ ಹಿಡಿದವಳು ನೀನೊಬ್ಬಳೇ. ಆ ಸಲಿಗೆಯಿಂದ ನೇರವಾಗಿ ಹೇಳುತ್ತೇನೆ: ಪಟ್ಟಿ ತೀರಾ ಉದ್ದವಾಯಿತು. ನಾಲ್ಕು ಹಾಡು ಸಾಕು. ಭೂಪಟವನ್ನು ಸುತ್ತಿ ಇಟ್ಟುಬಿಡು.

ಯಾಕೆ ಅನ್ನುತ್ತೀಯಾ? ಅರವತ್ತರ ದಶಕದ ನಡುವಿನಲ್ಲಿ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ಆವರ್ತದ ಮೊದಲ ಪೆಟ್ಟಿಗೆ ಒತ್ತು ಕೊಟ್ಟು ಇಡೀ ತಂಡವನ್ನು ಅದರ ಸುತ್ತ ಕಟ್ಟಿದ. ಅಲ್ಲಿಂದ ಮುಂದೆ ಫಂಕ್ ನುಡಿಸುವವರೆಲ್ಲ ಆ ಮೊದಲ ಪೆಟ್ಟಿಗೆ ಒಟ್ಟಾಗಿ ಬಂದು ಇಳಿಯುತ್ತಾರೆ. ಆ ಪೆಟ್ಟಿನಿಂದ ಮತ್ತೆ ಆ ಪೆಟ್ಟಿಗೆ ಬರುವಷ್ಟರಲ್ಲಿ ಏನು ಮಾಡುತ್ತಾರೆ ಎಂಬುದು ಮಾತ್ರ ಊರಿನಿಂದ ಊರಿಗೆ ಬೇರೆ. ಊರು ಕೇಳಿಸಬೇಕಾದದ್ದು ಅಲ್ಲಿ. ಶೀರ್ಷಿಕೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಹಾಡಿಗೆ ಊರು ದಕ್ಕುವುದಿಲ್ಲ.

ನಿನ್ನ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಫಂಕಿ ನಸ್ಸೌ'. ಬಹಾಮಾಸ್ ದ್ವೀಪಗಳ ರಾಜಧಾನಿ ನಸ್ಸೌನ 'ದಿ ಬಿಗಿನಿಂಗ್ ಆಫ್ ದಿ ಎಂಡ್' ತಂಡದ ಹಾಡು. ಮನ್ನಿಂಗ್ಸ್ ಮನೆತನದ ಮೂವರು ಅಣ್ಣತಮ್ಮಂದಿರು ಆ ತಂಡದ ಬೆನ್ನೆಲುಬು. 1971ರಲ್ಲಿ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 15ನೇ ಸ್ಥಾನಕ್ಕೆ ಏರಿತು. ಆಗಿನ್ನೂ ಬಹಾಮಾಸ್ ಬ್ರಿಟಿಷರ ಕೈಯಲ್ಲಿತ್ತು, ಸ್ವಾತಂತ್ರ್ಯ ಬಂದದ್ದು 1973ರ ಜುಲೈ 10ರಂದು. ಆ ಹಾಡಿನ ಗುಟ್ಟು ಜಂಕನೂ ಮೆರವಣಿಗೆಯಲ್ಲಿದೆ. ಡಿಸೆಂಬರ್ 26ರಂದು ಮತ್ತು ಹೊಸ ವರ್ಷದ ದಿನ, ಬೆಳಕು ಹರಿಯುವ ಮೊದಲೇ ನಸ್ಸೌನ ಬೇ ಸ್ಟ್ರೀಟ್‌ನಲ್ಲಿ ಜನ ಮೇಕೆ ಚರ್ಮದ ಡೋಲು, ದನದ ಕೊರಳಗಂಟೆ, ಸೀಟಿಗಳೊಂದಿಗೆ ಕುಣಿಯುತ್ತಾ ಸಾಗುತ್ತಾರೆ. ನಮ್ಮಲ್ಲಿ ತಮಟೆಯನ್ನು ಬೆಂಕಿಗೆ ಹಿಡಿದು ಬಿಗಿ ಮಾಡುವ ಹಾಗೆಯೇ ಅವರೂ ಡೋಲಿನ ಚರ್ಮವನ್ನು ಬೆಂಕಿಯಲ್ಲಿ ಕಾಯಿಸಿಕೊಳ್ಳುತ್ತಾರೆ. ಇದನ್ನು ನಿಮ್ಮ ಡ್ರಮ್ಸ್ ಹುಡುಗನಿಗೆ ಹೇಳು, ಅವನಿಗೆ ಹಾಡು ಅರ್ಧ ಬಂದಂತೆ.

ಒಂದು ಮಾತು. ಗಂಟೆಯ ದನಿಯನ್ನು ರಿದಂ ಪ್ಯಾಡ್‌ನಲ್ಲಿ ಒತ್ತಿ ಮುಗಿಸಬೇಡಿ. ಇಬ್ಬರು ಎರಡೂ ಕೈಯಲ್ಲಿ ಗಂಟೆ ಹಿಡಿದು, ಹಾಡು ಮುಗಿಯುವವರೆಗೆ ಅಲ್ಲಾಡಿಸಬೇಕು. ತೋಳು ಸೋತು ಪೆಟ್ಟು ಕೂದಲೆಳೆಯಷ್ಟು ಹಿಂದೆ ಬೀಳುತ್ತದಲ್ಲ, ಮೆರವಣಿಗೆಯ ಗತಿ ಬರುವುದೇ ಆಗ. ಬಣ್ಣದ ಕಾಗದದ ವೇಷ ಹಾಕಿಕೊಳ್ಳುವ ಆಸೆಯನ್ನೂ ಬಿಡಿ. ಅಲ್ಲಿಯ ಗುಂಪುಗಳು ಆ ವೇಷಗಳಿಗೆ ತಿಂಗಳುಗಟ್ಟಲೆ ಕೂತು ಕ್ರೇಪ್ ಕಾಗದ ಅಂಟಿಸುತ್ತವೆ. ಹಿಂದಿನ ರಾತ್ರಿ ಕತ್ತರಿಸಿ ಅಂಟಿಸಿದ್ದನ್ನು ತೊಟ್ಟು ವೇದಿಕೆ ಏರಿದರೆ ಆ ದುಡಿಮೆಗೆ ಮರ್ಯಾದೆ ಕೊಟ್ಟಂತಾಗುವುದಿಲ್ಲ. 'ಫಂಕಿ ಕಿಂಗ್‌ಸ್ಟನ್' ಕೂಡ ಒಳ್ಳೆಯ ಹಾಡೇ, ಜಮೈಕಾದ ಗಾಯಕ ಟೂಟ್ಸ್ ಹಿಬರ್ಟ್‌ನ ಕಂಠಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅಂಥ ಕಂಠ ನಿಮ್ಮ ತಂಡದಲ್ಲಿ ಇಲ್ಲ, ಈ ವರ್ಷ ಬೇಡ.

ಎರಡನೆಯದು ನಿನಗಾಗಿಯೇ. 'ಮೆಂಫಿಸ್ ಸೋಲ್ ಸ್ಟ್ಯೂ', 1967, ಸ್ಯಾಕ್ಸೋಫೋನ್ ವಾದಕ ಕಿಂಗ್ ಕರ್ಟಿಸ್. ಆತ ಟೆಕ್ಸಾಸ್‌ನ ಫೋರ್ಟ್ ವರ್ತ್‌ನವನು, ಹೆಸರು ಮಾಡಿದ್ದು ನ್ಯೂಯಾರ್ಕಿನಲ್ಲಿ. ಮೆಂಫಿಸ್‌ನ ವಾದಕರ ಜೊತೆ ಕೂತು ಅಡುಗೆಯವನ ಹಾಗೆ ಒಂದೊಂದೇ ಸಾಮಾನು ಕೇಳುತ್ತಾನೆ: ಅರ್ಧ ಲೋಟ ಬೇಸ್, ಒಂದು ಪೌಂಡ್ ಡ್ರಮ್, ನಾಲ್ಕು ಚಮಚ ಕುದಿಯುವ ಗಿಟಾರ್, ಚಿಟಿಕೆ ಆರ್ಗನ್, ಕೊನೆಗೆ ತುತ್ತೂರಿಗಳು. ಕರೆದಂತೆ ಒಂದೊಂದು ವಾದ್ಯವೂ ಬಂದು ಸೇರುತ್ತದೆ, ಎಲ್ಲ ಸೇರಿದ ಮೇಲೆ ಅವನ ಸ್ಯಾಕ್ಸೋಫೋನ್. ಗಮನಿಸಿದೆಯಾ, ಒಲೆಯ ಮೇಲೆ ಮೊದಲು ಬೀಳುವುದು ಬೇಸ್. ರಸಮಂಜರಿ ಕಾರ್ಯಕ್ರಮಗಳಲ್ಲಿ ನುಡಿಸುವಾಗ ಬೇಸ್ ಹಿಡಿದವನಿಗೆ ವೇದಿಕೆಯ ಮೂಲೆಯೇ ಗತಿಯಾಗಿತ್ತು, ಅದಕ್ಕೇ ಈ ಹಾಡು ಕೇಳಿದಾಗಲೆಲ್ಲ ನನಗೆ ಎದೆ ತುಂಬುತ್ತದೆ. ಆ ಮೊದಲ ಕೆಲವು ಆವರ್ತ ಸಭೆಯಲ್ಲಿ ನಿನ್ನೊಬ್ಬಳ ದನಿಯೇ ಇರುತ್ತದೆ. ಅವಸರ ಮಾಡಬೇಡ, ಅಲಂಕಾರ ಸೇರಿಸಬೇಡ, ಅಷ್ಟೇ ಸ್ವರಗಳನ್ನು ಅಷ್ಟೇ ತೂಕದಲ್ಲಿ ಮತ್ತೆ ಮತ್ತೆ ನುಡಿಸು.

'ಓಕ್‌ಲೆಂಡ್ ಸ್ಟ್ರೋಕ್' ಅನ್ನು ಪಟ್ಟಿಯ ಕೊನೆಗೆ ತಳ್ಳಿದ್ದೀಯೆ, ಚಿಕ್ಕದಾಗಿದೆ ಎಂದು ಕಾರಣ ಬೇರೆ. ಹೌದು, ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ಊರಿನ ಟವರ್ ಆಫ್ ಪವರ್ ತಂಡದ 1974ರ 'ಬ್ಯಾಕ್ ಟು ಓಕ್‌ಲೆಂಡ್' ಆಲ್ಬಮ್‌ನಲ್ಲಿ ಅದು ಒಂದು ನಿಮಿಷದ ಆಸುಪಾಸಿನ ತುಣುಕು, ಮೊದಲು ಬಂದು ಕೊನೆಯಲ್ಲಿ ಮತ್ತೆ ಬರುತ್ತದೆ. ಅಷ್ಟರೊಳಗೆ ಎಷ್ಟು ಕೆಲಸವಿದೆ ನೋಡು! ಬೇಸ್ ಹಿಡಿದ ರಾಕೊ ಪ್ರೆಸ್ಟಿಯಾ ಬಲಗೈ ಬೆರಳುಗಳಿಂದ ಒಂದು ಪೆಟ್ಟಿನ ಅವಧಿಗೆ ನಾಲ್ಕು ಸಲ ತಂತಿ ಮೀಟುತ್ತಾ ಹೋಗುತ್ತಾನೆ, ಎಡಗೈ ಬೆರಳು ತಂತಿಯನ್ನು ಮೆಲ್ಲಗೆ ಮುಟ್ಟಿ ನಾದ ಉದ್ದವಾಗದಂತೆ ತಡೆಯುತ್ತದೆ. ಡ್ರಮ್ಸ್‌ನಲ್ಲಿ ಡೇವಿಡ್ ಗ್ಯಾರಿಬಾಲ್ಡಿ ದೊಡ್ಡ ಪೆಟ್ಟುಗಳ ನಡುವೆ ಸ್ನೇರ್ ಡ್ರಮ್ ಮೇಲೆ ಕೇಳಿಸಿಯೂ ಕೇಳಿಸದಂಥ ಮೆಲುಪೆಟ್ಟು ಹಾಕುತ್ತಾನೆ. ಈ ಇಬ್ಬರೂ ಒಬ್ಬರ ಬಿಡುವಿನಲ್ಲಿ ಇನ್ನೊಬ್ಬರು ನಡೆಯುವುದೇ ಓಕ್‌ಲೆಂಡಿನ ನಡೆ. ತಂಡ ಕಟ್ಟಿದ ಎಮಿಲಿಯೊ ಕ್ಯಾಸ್ಟಿಲೊ ಡೆಟ್ರಾಯಿಟ್‌ನಲ್ಲಿ ಹುಟ್ಟಿ, ಹುಡುಗನಾಗಿ ಆ ಕಡೆಗೆ ಬಂದವನು ಎಂಬುದನ್ನೂ ನೆನಪಿಡು. ನಿಮ್ಮ ಸ್ನೇಹಿತರು "ನಾವು ಅಲ್ಲಿಯವರಲ್ಲವಲ್ಲ" ಎಂದು ಹಿಂಜರಿದರೆ ಅವನ ಹೆಸರು ಹೇಳು. ಪುಟ್ಟಿ, ಇದು ಬೆರಳಿಗೆ ಬರಲು ತಿಂಗಳುಗಳೇ ಬೇಕು. ನಿಧಾನದ ಗತಿಯಲ್ಲಿ ಶುರು ಮಾಡು. ಮಣಿಕಟ್ಟು ನೋಯತೊಡಗಿದರೆ ಆ ದಿನಕ್ಕೆ ನಿಲ್ಲಿಸು, ಹಟ ಮಾಡಿ ಕೈ ಕೆಡಿಸಿಕೊಳ್ಳಬೇಡ.

ಇನ್ನು 'ಚಾಕಲೇಟ್ ಸಿಟಿ'. ಇದರ ಬಗ್ಗೆ ನನಗೆ ನಿಜವಾದ ಆತಂಕವಿದೆ, ಅದನ್ನು ಮುಚ್ಚಿಡುವುದಿಲ್ಲ. ಪಾರ್ಲಿಮೆಂಟ್ ತಂಡದ ಜಾರ್ಜ್ ಕ್ಲಿಂಟನ್ ಈ ಹಾಡನ್ನು ಬಹುಮಟ್ಟಿಗೆ ಮಾತಿನಲ್ಲೇ ನಡೆಸುತ್ತಾನೆ. ಅವನ ಕನಸಿನ ಸರ್ಕಾರ ಹೀಗೆ: ಶ್ವೇತಭವನದಲ್ಲಿ ಬಾಕ್ಸರ್ ಮುಹಮ್ಮದ್ ಅಲಿ, ದೇಶದ ಪ್ರಥಮ ಮಹಿಳೆಯಾಗಿ ಗಾಯಕಿ ಅರೀತಾ ಫ್ರಾಂಕ್ಲಿನ್, ಶಿಕ್ಷಣ ಮಂತ್ರಿ ಹಾಸ್ಯನಟ ರಿಚರ್ಡ್ ಪ್ರಯರ್, ಲಲಿತಕಲೆಗೆ ಗಾಯಕ ಸ್ಟೀವಿ ವಂಡರ್. ಆ ಜಾಗದಲ್ಲಿ ನಮ್ಮ ಸಿನಿಮಾ ನಟರ ಹೆಸರು ಹಾಕಿ ಜನರನ್ನು ನಗಿಸೋಣ ಎಂದು ಬರೆದಿದ್ದೀಯೆ. ಹಾಗೆ ಮಾಡಬೇಡ. ಹಾಡು ಬಂದದ್ದು 1975ರಲ್ಲಿ, ಊರು ಅಮೆರಿಕದ ರಾಜಧಾನಿ ವಾಷಿಂಗ್ಟನ್. 1970ರ ಜನಗಣತಿಯಲ್ಲಿ ಅಲ್ಲಿಯ ನೂರಕ್ಕೆ 71 ಮಂದಿ ಕಪ್ಪು ಜನ. ಆದರೂ ದೇಶದ ಅಧ್ಯಕ್ಷರಿಗೆ ಮತ ಹಾಕುವ ಹಕ್ಕು ಆ ಊರಿಗೆ ಸಿಕ್ಕಿದ್ದು ಸಂವಿಧಾನದ 1961ರ ತಿದ್ದುಪಡಿಯಿಂದಷ್ಟೇ. ತಮ್ಮ ಊರಿನ ಆಡಳಿತವನ್ನು ತಾವೇ ಆರಿಸುವ ಹಕ್ಕು ಸುಮಾರು ನೂರು ವರ್ಷ ಇರಲೇ ಇಲ್ಲ. ಆ ಹಕ್ಕು ಕೊಟ್ಟ 1973ರ ಕಾಯ್ದೆಯ ನಂತರ ಗೆದ್ದ ಮೇಯರ್ ವಾಲ್ಟರ್ ವಾಷಿಂಗ್ಟನ್ ಅಧಿಕಾರ ವಹಿಸಿಕೊಂಡದ್ದು ಈ ಹಾಡು ಬಂದ ವರ್ಷದ ಜನವರಿಯಲ್ಲೇ. ಹಾಗಾಗಿ ಆ ಮಂತ್ರಿಮಂಡಲದಲ್ಲಿ ನಗುವಿದೆ ನಿಜ, ಜೊತೆಗೆ ದೊಡ್ಡದೊಂದು ಹಕ್ಕೊತ್ತಾಯವೂ ಇದೆ. ನೆವಾರ್ಕ್, ಗ್ಯಾರಿ ಮುಂತಾಗಿ ಬೇರೆ ಊರುಗಳನ್ನೂ ಆತ ಕರೆಯುತ್ತಾನಲ್ಲ, ಕಪ್ಪು ಜನ ಮತಪೆಟ್ಟಿಗೆಯಲ್ಲಿ ಗೆದ್ದ ಊರುಗಳನ್ನು ಎಣಿಸುವವನ ಸಂಭ್ರಮ ಅದು. ಹಾಡುವ ಮೊದಲು ನಿಮ್ಮಲ್ಲೊಬ್ಬರು ಇಷ್ಟನ್ನು ಸಭೆಗೆ ಎರಡು ನಿಮಿಷದಲ್ಲಿ ತಿಳಿಸಿ. ಅದಕ್ಕೆ ಮನಸ್ಸಿಲ್ಲದಿದ್ದರೆ ಈ ಹಾಡನ್ನು ಕೈಬಿಟ್ಟು ಮೂರೇ ನುಡಿಸಿ, ನನಗೆ ಬೇಸರವಿಲ್ಲ.

ಉಳಿದವನ್ನು ಹೊಡೆದುಹಾಕಿದ್ದೇನೆ. 'ಹಾಲಿವುಡ್ ಸ್ವಿಂಗಿಂಗ್' ಹಾಡಿದವರು ಅಮೆರಿಕದ ಇನ್ನೊಂದು ತುದಿಯ ಜರ್ಸಿ ಸಿಟಿಯ ಹುಡುಗರು, ಅದು ತಾರೆಯಾಗುವ ಕನಸು. 'ಫಂಕಿಟೌನ್' ಬರೆದವನು ಮಿನಿಯಾಪೊಲಿಸ್‌ನಿಂದ ಹೊರಡುವ ತವಕದಲ್ಲಿದ್ದ. ಆ ಹೆಸರಿನ ಊರೇ ಇಲ್ಲ, ತಾಳವೂ ಡಿಸ್ಕೊ.

ಅಭ್ಯಾಸವನ್ನು ಮೆಂಫಿಸ್‌ನಿಂದ ಶುರು ಮಾಡಿ. ಹಾಡುವವರನ್ನು ಮೊದಲ ವಾರ ಕರೆಯಲೇಬೇಡ. ನೀನೂ ಡ್ರಮ್ಸ್ ಹುಡುಗನೂ ಇಬ್ಬರೇ ನುಡಿಸಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿ ಕಳಿಸು, ಗತಿ ಎಲ್ಲಿ ಓಡುತ್ತಿದೆ ಎಂದು ನಾನು ಗುರುತು ಹಾಕಿ ಬರೆಯುತ್ತೇನೆ. ಹಬ್ಬಕ್ಕೆ ಬರುವಾಗ ಹೊಸ ತಂತಿಗಳ ಒಂದು ಕಟ್ಟು ತರುತ್ತೇನೆ, ನೀನು ಕೊಳ್ಳಬೇಡ. ಅಕ್ಕ ಭಾವನವರಿಗೆ ನನ್ನ ನಮಸ್ಕಾರ ತಿಳಿಸು.

ಇಂತು ನಿನ್ನ ಪ್ರೀತಿಯ
ಮಾವ