ಡಿಜಿಟಲ್ ಸಹಿಯ ತರಬೇತಿ ಕುರಿತು ಆಡಳಿತ ಸುಧಾರಣಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕಡತಗಳಿಗೆ ಇನ್ನು ಮುಂದೆ ಡಿಜಿಟಲ್ ಸಹಿಯನ್ನೇ ಹಾಕಬೇಕೆಂಬ ತಮ್ಮ ಆದೇಶವನ್ನು ಕಡತ ವಿಭಾಗದ ನೌಕರನಾಗಿ ನಾನು ಸ್ವಾಗತಿಸುತ್ತೇನೆ. ನನ್ನ ಆಕ್ಷೇಪವಿರುವುದು ಅದರ ಜೊತೆಗೆ ನಡೆದ ತರಬೇತಿಯ ಬಗ್ಗೆ. ಯಾವ ಗುಂಡಿ ಒತ್ತಬೇಕೆಂಬುದನ್ನು ಪರದೆಯ ಮೇಲೆ ತೋರಿಸಿ, ಹಾಜರಿ ಪಟ್ಟಿಗೆ (ಪೆನ್ನಿನಲ್ಲೇ!) ಸಹಿ ಹಾಕಿಸಿಕೊಂಡು ಅದನ್ನು ಮುಗಿಸಲಾಯಿತು.

ಪರಿಣಾಮ ಕಣ್ಣಮುಂದಿದೆ. ಡಿಜಿಟಲ್ ಸಹಿಯಾದ ಪಿಡಿಎಫ್ ಅನ್ನು ಮುದ್ರಿಸಿ, ಮೊಹರು ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ಮೇಲಿನ ಕಚೇರಿಗೆ ಕಳಿಸುವುದು ಈಗ ರೂಢಿಯಾಗಿಬಿಟ್ಟಿದೆ. ಸಹಿ ಹಾಕುವಾಗ ತಂತ್ರಾಂಶವು ಇಡೀ ದಾಖಲೆಯಿಂದ ಹ್ಯಾಶ್ ಎಂಬ ಸಂಖ್ಯೆಯನ್ನು ಲೆಕ್ಕಹಾಕಿ, ಸಹಿದಾರರ ಖಾಸಗಿ ಕೀಲಿಯಿಂದ (ಅವರ ಬಳಿ ಮಾತ್ರ ಇರಬೇಕಾದ ಗುಪ್ತ ಸಂಕೇತ) ಅದನ್ನು ಭದ್ರಪಡಿಸಿ ಕಡತದೊಳಗೇ ಇಡುವುದರಿಂದ, ಆಮೇಲೆ ಒಂದು ಅಲ್ಪವಿರಾಮ ಬದಲಾದರೂ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ. ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ಉಳಿಯುವುದು ಸಹಿಯ ಚಿತ್ರ ಮಾತ್ರ. ಅದರಲ್ಲಿ ಪರಿಶೀಲಿಸಲು ಏನೂ ಇರುವುದಿಲ್ಲ. ಇದನ್ನು ನೌಕರರಿಗೆ ಯಾರೂ ಹೇಳಿಲ್ಲ. ಸಹಿಯ ಮೇಲೆ ಕ್ಲಿಕ್ ಮಾಡಿ, ಸಹಿದಾರರ ಗುರುತನ್ನು ದೃಢೀಕರಿಸುವ ಡಿಜಿಟಲ್ ಪ್ರಮಾಣಪತ್ರ ಯಾರದು, ಅದರ ಅವಧಿ ಮುಗಿದಿದೆಯೇ, ಸಹಿಯ ನಂತರ ದಾಖಲೆ ಬದಲಾಗಿದೆಯೇ ಎಂದು ನೋಡುವುದನ್ನೂ ಕಲಿಸಿಲ್ಲ.

ಇದಕ್ಕಿಂತ ಆತಂಕದ ಸಂಗತಿ ಇನ್ನೊಂದಿದೆ. ಅಧಿಕಾರಿಯ ಖಾಸಗಿ ಕೀಲಿಯನ್ನು ಹೊತ್ತ ಯುಎಸ್‌ಬಿ ಟೋಕನ್ ಎಂಬ ಪುಟ್ಟ ಸಾಧನ ಕಂಪ್ಯೂಟರ್ ಆಪರೇಟರ್‌ನ ಮೇಜಿನ ಡ್ರಾಯರ್‌ನಲ್ಲಿರುತ್ತದೆ, ಪಿನ್ ಬರೆದ ಚೀಟಿ ಕೀಬೋರ್ಡಿನ ಅಡಿಯಲ್ಲಿರುತ್ತದೆ. ಇದಕ್ಕೆ ಆಪರೇಟರನ್ನು ದೂರಿ ಫಲವಿಲ್ಲ; ಸಾಹೇಬರು ಸಭೆಯಲ್ಲಿದ್ದಾಗ ಕಡತ ನಿಲ್ಲಬಾರದೆಂದು ಅವರೇ ಮಾಡಿಕೊಟ್ಟ ಏರ್ಪಾಡು ಅದು. ಆದರೆ ನಾಳೆ ವಿವಾದ ಎದ್ದರೆ, ಒತ್ತಿದ ಕೈ ಯಾರದೆಂದು ತಂತ್ರಾಂಶ ಹೇಳಲಾರದು. ಅದು ತೋರಿಸುವುದು ಪ್ರಮಾಣಪತ್ರದಲ್ಲಿರುವ ಹೆಸರನ್ನಷ್ಟೇ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗವು ಎಲೆಕ್ಟ್ರಾನಿಕ್ ಸಹಿಗಳ ಬಗ್ಗೆ 2001ರಲ್ಲಿ ರೂಪಿಸಿದ ಮಾದರಿ ಕಾನೂನಿನ 8ನೇ ವಿಧಿಯು, ಸಹಿ ಸೃಷ್ಟಿಸುವ ದತ್ತಾಂಶವು (ಖಾಸಗಿ ಕೀಲಿಯಂಥದ್ದು) ಅನ್ಯರ ಬಳಕೆಗೆ ಸಿಗದಂತೆ ಎಚ್ಚರ ವಹಿಸುವ ಹೊಣೆಯನ್ನೂ, ಅದು ಬಯಲಾದರೆ ಸಂಬಂಧಪಟ್ಟವರಿಗೆ ವಿಳಂಬವಿಲ್ಲದೆ ತಿಳಿಸುವ ಹೊಣೆಯನ್ನೂ ಸಹಿದಾರರ ಮೇಲೆಯೇ ಹೊರಿಸಿದೆ.

ಆದ್ದರಿಂದ ತರಬೇತಿಯಲ್ಲಿ ಮೊದಲು ಕೂರಬೇಕಾದವರು ಟೋಕನ್ ಯಾರ ಹೆಸರಿನಲ್ಲಿದೆಯೋ ಆ ಅಧಿಕಾರಿಗಳು. ತಮ್ಮ ಬದಲು ಆಪರೇಟರನ್ನು ಕಳಿಸಲು ಅವಕಾಶವಿರಬಾರದು. ಅಭ್ಯಾಸವು ಮಾದರಿ ಪುಟಗಳ ಬದಲು ಆಯಾ ವಿಭಾಗದ ನಿಜವಾದ ನಮೂನೆಗಳ ಪ್ರತಿಗಳ ಮೇಲೆ ನಡೆಯಲಿ, ಸಹಿಯ ನಂತರ ತಿದ್ದಿದ ಒಂದೆರಡು ದಾಖಲೆಗಳನ್ನು ನಡುವೆ ಸೇರಿಸಿ ಅವುಗಳನ್ನು ಪತ್ತೆಹಚ್ಚಲು ಹೇಳಲಿ. ಟೋಕನ್ ಕಳೆದುಹೋದರೆ ಅಥವಾ ಅಧಿಕಾರಿಗೆ ವರ್ಗಾವಣೆಯಾದರೆ ಪ್ರಮಾಣಪತ್ರವನ್ನು ರದ್ದುಪಡಿಸಲು ಯಾರಿಗೆ ತಿಳಿಸಬೇಕೆಂಬುದು ಪ್ರತಿ ಕಚೇರಿಯಲ್ಲೂ ಬರವಣಿಗೆಯಲ್ಲಿರಲಿ. ಅಧಿಕಾರಿ ಲಭ್ಯವಿಲ್ಲದಾಗ ಮತ್ತೊಬ್ಬರು ತಮ್ಮದೇ ಟೋಕನ್‌ನಿಂದ ಸಹಿ ಹಾಕುವಂತೆ ಅಧಿಕಾರ ಹಂಚಿಕೆಯ ಆದೇಶವನ್ನೂ ತಾವು ಹೊರಡಿಸಬೇಕು. ಅದಿಲ್ಲದೆ ಪಿನ್ ಚೀಟಿಗಳು ಕೀಬೋರ್ಡಿನ ಅಡಿಯಿಂದ ಹೋಗುವುದಿಲ್ಲ.

ತಮ್ಮ ವಿಶ್ವಾಸಿ,
ಕಡತ ವಿಭಾಗದ ಒಬ್ಬ ನೌಕರ